ನಮ್ಮ ಕೆರೆಯ ಏರಿ, ನಮ್ಮ ಕೆರೆಯ ಕೋಡಿ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಅಚ್ಚುಕಟ್ಟುದಾರರ ಪರವಾಗಿ ಮಾಡಿದ ಭಾಷಣದ ಲಿಖಿತ ರೂಪ)



ಹಾಲಿನ ಸಂಘದ ಸಮಾರಂಭದಲ್ಲಿ ಕೆರೆಯ ಮಾತು ಯಾಕೆ ಎಂದು ಕೆಲವರು ನಗುತ್ತಿದ್ದಾರೆ. ನಗಲಿ. ನಮ್ಮೂರಿನ ಹಸುಗಳು ತಿನ್ನುವ ಹಸಿ ಹುಲ್ಲು ಯಾವ ಬಯಲಿನಿಂದ ಬರುತ್ತದೆ? ಕೆರೆ ಹಿಂದಿನ ಗದ್ದೆ ಬದುವಿನಿಂದ. ಬೇಸಿಗೆಯಲ್ಲಿ ದನ ನೀರು ಕುಡಿಯುವುದೆಲ್ಲಿ? ಏರಿ ಪಕ್ಕದ ಕಟ್ಟೆಯಲ್ಲಿ. ಕೆರೆ ಬತ್ತಿದ ವರ್ಷ ಸಂಘಕ್ಕೆ ಬರುವ ಹಾಲೂ ಇಳಿದಿರುವುದನ್ನು ಕಾರ್ಯದರ್ಶಿಗಳ ಪುಸ್ತಕದಲ್ಲಿ ಯಾರು ಬೇಕಾದರೂ ನೋಡಬಹುದು. ಅದಕ್ಕಾಗಿಯೇ ಅಧ್ಯಕ್ಷರು ಈ ವಿಷಯ ಕೊಟ್ಟಾಗ ನಾವು ಒಪ್ಪಿಕೊಂಡೆವು. ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇವೆ.

ನಂಜನಗೂಡು ಮತ್ತು ತಿ. ನರಸೀಪುರ ಸೀಮೆಯವರಿಗೆ ಅಣೆಕಟ್ಟು ಎಂದರೆ ಹೊಸ ವಿಚಾರವಲ್ಲ. ತಲಕಾಡಿನ ಹತ್ತಿರ ಕಾವೇರಿಗೆ ಅಡ್ಡಲಾಗಿ ಇರುವ ಮಾಧವಮಂತ್ರಿ ಅಣೆಯನ್ನು 14ನೇ ಶತಮಾನದಲ್ಲಿ, ವಿಜಯನಗರದವರ ಕಾಲದಲ್ಲಿ ಕಟ್ಟಿದ್ದು. ಆ ನಾಲೆಯ ಕೆಳಗೆ ಇವತ್ತಿಗೂ ಭತ್ತ ಬೆಳೆಯುತ್ತಾರೆ. ಈ ಕಡೆ ಕಪಿಲೆಯ ಮೇಲೆ ಹುಲ್ಲಹಳ್ಳಿ ಅಣೆ, ಹುಲ್ಲಹಳ್ಳಿ ನಾಲೆ, ರಾಂಪುರ ನಾಲೆ. ಇವೆಲ್ಲ ಬೀಚನಹಳ್ಳಿಯಲ್ಲಿ ಕಬಿನಿ ಡ್ಯಾಮು 1974ರಲ್ಲಿ ಬರುವುದಕ್ಕೂ, 1950ರ ದಶಕದಲ್ಲಿ ನುಗು ಡ್ಯಾಮು ಕಟ್ಟುವುದಕ್ಕೂ ಬಹಳ ಹಿಂದಿನವು. ನಮ್ಮ ಕಡೆಯ ಹಳೇ ಅಣೆಗಳನ್ನು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಅವು ಹೊಳೆಯನ್ನು ತಡೆದು ನಿಲ್ಲಿಸುವುದಕ್ಕೆ ಹೋಗಿಲ್ಲ. ತಗ್ಗಾಗಿ ಕಟ್ಟಿ, ನಾಲೆಗೆ ಬೇಕಾದಷ್ಟು ನೀರನ್ನು ತಿರುಗಿಸಿಕೊಂಡು, ಮಿಕ್ಕ ನೀರು ತಲೆಯ ಮೇಲೆ ಹಾದು ಹೋಗಲಿ ಎಂದು ಬಿಟ್ಟವು. ಹೊಳೆ ಬಂದಾಗ ಒಂದೆರಡು ಕಲ್ಲು ಜಾರಿದರೆ ಬೇಸಿಗೆಯಲ್ಲಿ ಮತ್ತೆ ಕೂರಿಸುತ್ತಿದ್ದರು. ಕಲ್ಲು ಜಾರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಕಟ್ಟಡ ಅದು.

ಮಣ್ಣಿನ ಏರಿಯ ಸಂಗತಿ ಹಾಗಲ್ಲ. ಕಲ್ಲಿನ ಅಣೆಯ ಮೇಲೆ ನೀರು ಹರಿದರೆ ಅದು ನಿಲ್ಲುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಕೆಲವೇ ಗಂಟೆಗಳಲ್ಲಿ ಏರಿ ಇರುವುದಿಲ್ಲ. ಗುಜರಾತಿನ ಮಚ್ಛು ನದಿಯ ಡ್ಯಾಮು 1979ರ ಆಗಸ್ಟ್ 11ರಂದು ಹೋಯಿತಲ್ಲ, ಮೋರ್ಬಿ ಪಟ್ಟಣವನ್ನೇ ಕೊಚ್ಚಿಕೊಂಡು ಹೋಯಿತಲ್ಲ, ಅಲ್ಲಿ ಆದದ್ದೂ ಅದೇ. ಬಂದ ನೀರು ಗೇಟುಗಳಿಗೆ ಮೀರಿತು, ಎರಡೂ ಪಕ್ಕದ ಮಣ್ಣಿನ ಏರಿಯನ್ನು ಹತ್ತಿ ಇಳಿಯಿತು. ನಮ್ಮ ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಎಂದು ಹೇಳುತ್ತಾರೆ. ಹೆಚ್ಚುಕಡಿಮೆ ಎಲ್ಲವೂ ಮಣ್ಣಿನ ಏರಿಯವೇ. ಹಾಗಾಗಿ ಕೆರೆ ಕಟ್ಟಿದ ಹಿರಿಯರು ಏರಿಗಿಂತ ಮೊದಲು ಕೋಡಿಯ ಜಾಗ ನೋಡುತ್ತಿದ್ದರು. ಬಂಡೆ ಇರುವ ಕಡೆ, ಏರಿಯ ತಲೆಗಿಂತ ತಗ್ಗಾಗಿ, ಅಗಲವಾಗಿ ಕೋಡಿ ಇರಬೇಕು. ಏರಿಯ ಪ್ರಾಣ ಕೋಡಿಯಲ್ಲಿದೆ.

ಈಗ ನಮ್ಮೂರ ಕೆರೆಗೆ ಬರೋಣ. ನೀರು ನಿಲ್ಲುವ ಜಾಗ ತುಂಬಿದಾಗ ಸುಮಾರು 60 ಎಕರೆ. ಅಚ್ಚುಕಟ್ಟು 90 ಎಕರೆ. ಏರಿ ತೂಬಿನ ಹತ್ತಿರ 20 ಅಡಿ ಎತ್ತರ. ಕೋಡಿಯ ಮಟ್ಟದಿಂದ ಏರಿಯ ತಲೆಗೆ ಮೂರು ಅಡಿ. ಈ ಮೂರು ಅಡಿ ಖಾಲಿ ಬಿದ್ದಿದೆ, ಅದರಲ್ಲಿ ಒಂದು ಅಡಿಯನ್ನಾದರೂ ನಾವು ಬಳಸಿಕೊಳ್ಳಬಾರದೆ ಎಂಬ ಯೋಚನೆ ನಮ್ಮಲ್ಲಿ ಬಹಳ ಜನಕ್ಕೆ ಇದೆ. ರಜತ ಮಹೋತ್ಸವದ ನೆನಪಿಗೆ ಸಂಘದ ಕಟ್ಟಡ ನಿಧಿಯಲ್ಲಿ ಮಿಕ್ಕಿರುವ ಹಣದಿಂದ ಕೋಡಿಯ ಮೇಲೆ ಒಂದು ಅಡಿ ಕಾಂಕ್ರೀಟು ಹಾಕಿಸೋಣ ಎಂಬ ಸಲಹೆ ಕಳೆದ ಸಭೆಯಲ್ಲಿ ಬಂದಿದೆ. ಸಲಹೆ ಕೊಟ್ಟವರು ಕೆಟ್ಟ ಉದ್ದೇಶದಿಂದ ಕೊಟ್ಟಿಲ್ಲ. "ಏನಾಯ್ತದೆ ಬುಡಿ, ಒಂದಡಿ ತಾನೆ" ಎಂದು ಹೇಳಿದರು. ಆ ಒಂದಡಿಯ ಲೆಕ್ಕವನ್ನು ನಾವು ಇಲ್ಲಿ ಬಿಡಿಸಿ ಹೇಳಬೇಕು.

ಮೊದಲು ಲಾಭದ ಲೆಕ್ಕ. 60 ಎಕರೆಯ ಮೇಲೆ ಒಂದು ಅಡಿ ನೀರು ಎಂದರೆ 60 ಎಕರೆ-ಅಡಿ. ಭತ್ತಕ್ಕೆ ನಾಟಿಯಿಂದ ಕೊಯ್ಲಿನ ತನಕ ಹತ್ತಿರ ಹತ್ತಿರ ನಾಲ್ಕು ಅಡಿ ನೀರು ಬೇಕು. ಅಂದರೆ ಹೆಚ್ಚೆಂದರೆ 15 ಎಕರೆ ಭತ್ತ. ಬಿಸಿಲಿಗೆ ಆರುವುದು, ನೆಲಕ್ಕೆ ಇಂಗುವುದು ಕಳೆದರೆ ಅಷ್ಟೂ ಇಲ್ಲ. 15 ಎಕರೆ ಕಡಿಮೆಯಲ್ಲ, ನಾವೂ ಒಪ್ಪುತ್ತೇವೆ.

ಇನ್ನು ನಷ್ಟದ ಲೆಕ್ಕ. ಕೋಡಿಯ ಮೇಲೆ ಮೂರು ಅಡಿ ಜಾಗ ಇದ್ದದ್ದು ಎರಡು ಅಡಿ ಆಗುತ್ತದೆ. ಹಾಗಾದರೆ ಕೋಡಿ ಸಾಗಿಸುವ ನೀರು ಮೂರರಲ್ಲಿ ಒಂದು ಪಾಲು ಕಡಿಮೆ ಆಗುತ್ತದೆ ಎಂದು ನಾವೂ ತಿಳಿದಿದ್ದೆವು. ಇಂಜಿನಿಯರುಗಳು ಹೇಳುವುದು ಬೇರೆ. ನೀರಿನ ದಪ್ಪ ಇಳಿದಂತೆ ಅದರ ವೇಗವೂ ಇಳಿಯುತ್ತದೆ. ಎರಡೂ ಸೇರಿ ಕೋಡಿಯ ಶಕ್ತಿ ಮೂರನೇ ಒಂದಲ್ಲ, ಹೆಚ್ಚುಕಡಿಮೆ ಅರ್ಧದಷ್ಟು ಹೋಗುತ್ತದೆ. ನೂರು ಪಾಲು ನೀರು ದಾಟಿಸುತ್ತಿದ್ದ ಕೋಡಿ ಸುಮಾರು 54 ಪಾಲು ಮಾತ್ರ ದಾಟಿಸುತ್ತದೆ. ಉಳಿದ 46 ಪಾಲು ಎಲ್ಲಿಗೆ ಹೋಗಬೇಕು? ಏರಿಯ ಮೇಲಕ್ಕೆ. ಏರಿಯ ಕೆಳಗೆ ಯಾರಿದ್ದಾರೆ ಎಂಬುದನ್ನು ನಾವು ಹೇಳಬೇಕಾಗಿಲ್ಲ, ಅವರಲ್ಲಿ ಅರ್ಧ ಜನ ಈ ಶಾಮಿಯಾನದ ಕೆಳಗೇ ಕೂತಿದ್ದಾರೆ.

ಕೆಲವು ಹಳೇ ಕೆರೆಗಳ ಕೋಡಿಯ ಮೇಲೆ ಸಾಲಾಗಿ ಕಲ್ಲು ನೆಟ್ಟಿರುವುದನ್ನು ನೀವು ನೋಡಿರಬಹುದು. ಹಿಂಗಾರು ಮುಗಿದು, ಇನ್ನು ಮಳೆ ಇಲ್ಲ ಎಂದು ಗೊತ್ತಾದ ಮೇಲೆ ಆ ಕಲ್ಲುಗಳ ಸಂದಿಗೆ ಸೊಪ್ಪು, ಮಣ್ಣು ತುಂಬಿ ಒಂದಿಷ್ಟು ನೀರು ಹಿಡಿಯುತ್ತಿದ್ದರು. ಮುಂಗಾರಿಗೆ ಮೊದಲೇ ಕಿತ್ತು ಹಾಕುತ್ತಿದ್ದರು. ಕಿತ್ತು ಹಾಕಿದರೋ ಇಲ್ಲವೋ ಎಂದು ನೋಡುವವನು ನೀರುಗಂಟಿ. ಕಾಂಕ್ರೀಟು ಹಾಕಿದರೆ ಕೀಳುವುದು ಯಾರು?

ಈಗ ಆ ಇನ್ನೊಂದು ಕಾರಣ. ಇದನ್ನು ಹೇಳುವುದಕ್ಕೆ ಎಂಟು ವರ್ಷ ತಡವಾಗಿದೆ.

2015, 2016 ಎರಡು ವರ್ಷವೂ ಬರ. ಕೆರೆಯಲ್ಲಿ ದನ ಮೇಯುತ್ತಿದ್ದವು. 2017ರ ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಊರಿನವರು ಬಾಗಿನ ಬಿಟ್ಟರು, ಎಲ್ಲರಿಗೂ ಸಂತೋಷ. ಮೂರನೇ ದಿನಕ್ಕೆ ಕೋಡಿಯಲ್ಲಿ ಹರಿದು ಹೋಗುವ ನೀರನ್ನು ನೋಡಿ ನಮ್ಮ ಹೊಟ್ಟೆ ಉರಿಯಿತು. ಎರಡು ವರ್ಷ ಬಾಯಾರಿದವನಿಗೆ ಹರಿದು ಹೋಗುವ ನೀರು ನೋಡುವ ಕಷ್ಟ ಗೊತ್ತಿರುತ್ತದೆ. ಅಚ್ಚುಕಟ್ಟಿನ ನಾವು ಹತ್ತು ಹನ್ನೆರಡು ಜನ ಸೇರಿ, ಗೊಬ್ಬರದ ಖಾಲಿ ಚೀಲಗಳಿಗೆ ಮರಳು ಮಣ್ಣು ತುಂಬಿ, ರಾತ್ರೋರಾತ್ರಿ ಕೋಡಿಯ ಮೇಲೆ ಎರಡು ಸಾಲು ಪೇರಿಸಿದೆವು. ನೀರುಗಂಟಿ ದೊಡ್ಡಪ್ಪ ಆಗ ಬದುಕಿದ್ದರು. ಬೆಳಿಗ್ಗೆ ಬಂದು ನೋಡಿ "ಇನ್ನೂ ಚಿತ್ತೆ ಮಳೆ ಅದೆ ಕಣ್ರಪ್ಪ" ಅಂದರು. ನಾವು ಕೇಳಲಿಲ್ಲ.

ಅಕ್ಟೋಬರಿನಲ್ಲಿ ಒಂದು ರಾತ್ರಿ ಮಳೆ ಹೊಯ್ದ ರೀತಿ ನಿಮಗೆಲ್ಲ ನೆನಪಿದೆ. ರಾತ್ರಿ ಹನ್ನೊಂದಕ್ಕೆ ನಾವು ಬ್ಯಾಟರಿ ಹಿಡಿದು ಹೋಗಿ ನೋಡುವಾಗ ನೀರು ಏರಿಯ ತಲೆಗೆ ಒಂದು ಗೇಣು ಇತ್ತು. ತೂಬಿನ ಕೆಳಗೆ, ಏರಿಯ ಬುಡದಲ್ಲಿ, ತೋಳು ಗಾತ್ರದ ನೀರು ಉಕ್ಕುತ್ತಿತ್ತು. ಮೊದಲು ತಿಳಿಯಾಗಿದ್ದದ್ದು ನೋಡುತ್ತಿದ್ದಂತೆ ಕೆಂಪಗಾಯಿತು. ಕೆಳಗಿನ ಬೀದಿಯವರನ್ನು ಎಬ್ಬಿಸಿ ಕರೆತಂದು ಮಲಗಿಸಿದ್ದು ಇದೇ ಸಂಘದ ಕಟ್ಟಡದಲ್ಲಿ, ಹಾಲಿನ ಕ್ಯಾನುಗಳನ್ನು ಅಂಗಳಕ್ಕೆ ಇಟ್ಟು. ಪರಿಚಯದ ಇಂಜಿನಿಯರ್ ಒಬ್ಬರಿಗೆ ಫೋನು ಮಾಡಿದೆವು. ಅವರು ಹೇಳಿದ್ದು: ಆ ತೂತಿಗೆ ಜೇಡಿ ಮಣ್ಣು ತುಂಬಿ ಮುಚ್ಚಬೇಡಿ, ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಮಾಡುತ್ತದೆ, ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕಿ, ನೀರು ಬರಲಿ, ಮಣ್ಣು ಬರಬಾರದು. ಸುತ್ತ ಚೀಲದ ಕಟ್ಟೆ ಕಟ್ಟಿ ನೀರು ಒಂದಿಷ್ಟು ನಿಲ್ಲುವಂತೆ ಮಾಡಿ. ಮನೆ ಕಟ್ಟಿಸುತ್ತಿದ್ದವರೊಬ್ಬರ ಬಾಗಿಲಲ್ಲಿ ಮರಳು, ಜಲ್ಲಿ ಇತ್ತು. ಕೇಳುವ ಮೊದಲೇ "ತಗೊಂಡ್ ಹೋಗಿ" ಅಂದರು. ಬೆಳಗಿನ ಜಾವಕ್ಕೆ ನೀರು ಮತ್ತೆ ತಿಳಿಯಾಯಿತು. ಏರಿ ಉಳಿಯಿತು.

ಆದರೆ ಅದಕ್ಕೂ ಮೊದಲು, ಗಾಬರಿಯಲ್ಲಿ, ನಾವು ಕೋಡಿಯ ಚೀಲಗಳನ್ನು ಒಂದೇ ಸಲಕ್ಕೆ ಕಿತ್ತು ಎಸೆದಿದ್ದೆವು. ಅಡ್ಡ ನಿಂತಿದ್ದ ನೀರು ಒಟ್ಟಿಗೆ ಕೋಡಿಹಳ್ಳಕ್ಕೆ ಇಳಿಯಿತು. ಹಳ್ಳದ ಪಕ್ಕದಲ್ಲಿದ್ದ ಒಬ್ಬ ತಾಯಿಯ ಕೊಟ್ಟಿಗೆ ಹೋಯಿತು. ಎರಡು ಹಸು ಹೋದವು. ಒಂದಕ್ಕೆ ವಿಮೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಊರಿನವರು ಮಳೆಯ ಕಾಟ ಎಂದರು. ಆಕೆಯೂ ಹಾಗೇ ತಿಳಿದರು. ಚೀಲ ಇಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ತಾಯಿ ಇವತ್ತು ಇಲ್ಲಿ ಇದ್ದಾರೆ. ಅವ್ವ, ಚೀಲ ಇಟ್ಟವರು ನಾವು. ಆ ಎರಡನೇ ಹಸುವಿನ ಬೆಲೆಯನ್ನು ಅಂದು ಚೀಲ ಹೊತ್ತವರು ಸೇರಿ ಕೊಡುವುದೆಂದು ಮಾತಾಡಿಕೊಂಡಿದ್ದೇವೆ. ಇದನ್ನು ನಿಮ್ಮ ಮನೆಗೆ ಬಂದು ಹೇಳಿದ ಮೇಲೆಯೇ ಇಲ್ಲಿ ಹೇಳುತ್ತಿದ್ದೇವೆ ಎಂಬುದು ಸಭೆಗೂ ತಿಳಿದಿರಲಿ.

ಆದ್ದರಿಂದ ಕೋಡಿ ಎತ್ತರಿಸುವ ಸಲಹೆಯನ್ನು ನಾವು ವಿರೋಧಿಸುತ್ತೇವೆ. ಎತ್ತರಿಸುವ ಅಧಿಕಾರ ನಮಗಾಗಲಿ ಸಂಘಕ್ಕಾಗಲಿ ಇಲ್ಲ ಎಂಬುದು ಬೇರೆ ಮಾತು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯಿತಿಯ ಕಡೆಗೆ, ಅದಕ್ಕೆ ಮೇಲ್ಪಟ್ಟು 2000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ನಮ್ಮದು 36 ಹೆಕ್ಟೇರು, ಪಂಚಾಯಿತಿಯದು. 2021ರಲ್ಲಿ ಕೇಂದ್ರ ಸರ್ಕಾರ ಅಣೆಕಟ್ಟು ಸುರಕ್ಷತಾ ಕಾಯ್ದೆ ತಂದಿತು, ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ಆಮೇಲೆ, ತಪಾಸಣೆ ಆಗಬೇಕು ಎಂದಿತು. ಒಳ್ಳೆಯದೇ. ಆದರೆ ಅದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಇಲ್ಲವೇ ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ. ನಮ್ಮದು 20 ಅಡಿ, ಅಂದರೆ ಆರು ಮೀಟರು. ಕಾಯ್ದೆಯ ಪ್ರಕಾರ ನಮ್ಮ ಕೆರೆಯನ್ನು ನೋಡಲು ದೆಹಲಿಯಿಂದಾಗಲಿ ಬೆಂಗಳೂರಿನಿಂದಾಗಲಿ ಯಾರೂ ಬರಬೇಕಾಗಿಲ್ಲ. ನೀರು ಮಾತ್ರ ಕಾಯ್ದೆ ಓದಿಕೊಂಡು ಬರುವುದಿಲ್ಲ.

ದೊಡ್ಡ ಡ್ಯಾಮುಗಳಲ್ಲೇ ಏನಾಗುತ್ತದೆ ನೋಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಒಂದು ವಾರ ಕಷ್ಟಪಟ್ಟು ಹರಿಯುವ ನೀರಿನಲ್ಲೇ ತಡೆ ಹಲಗೆಗಳನ್ನು ಇಳಿಸಿದರು. ಅಷ್ಟರಲ್ಲಿ ಎಷ್ಟು ನೀರು ಹೊಳೆಗೆ ಹೋಯಿತೋ ಅದರಲ್ಲಿ ನಮ್ಮಂಥ ಎಷ್ಟು ಕೆರೆ ತುಂಬುತ್ತಿದ್ದವೋ! ಅಷ್ಟು ದೊಡ್ಡ ಅಣೆಕಟ್ಟಿನ ಪಾಡು ಒಂದು ಚೈನಿನ ಮೇಲೆ ನಿಂತಿತ್ತು. ನಮ್ಮ ತೂಬಿನ ಸ್ಕ್ರೂ ರಾಡಿಗೆ ಗ್ರೀಸು ಹಚ್ಚಿ ಎಷ್ಟು ವರ್ಷವಾಯಿತು? ಕಳೆದ ಬೇಸಿಗೆಯಲ್ಲಿ ಅದನ್ನು ತಿರುಗಿಸಲು ನಾಲ್ಕು ಜನ ಹಾರೆ ಹಾಕಿ ಮೀಟಿದರು. ತುರ್ತು ಬಂದಾಗ ನೀರು ಇಳಿಸಲು ಇರುವ ದಾರಿ ಅದೊಂದೇ.

ಇನ್ನೊಂದು ಸಣ್ಣ ಡ್ಯಾಮಿನ ಕತೆ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಎಂಬ ಊರಿನ ಮಣ್ಣಿನ ಡ್ಯಾಮು 2019ರ ಜುಲೈ 2ರ ರಾತ್ರಿ ಒಡೆದು ಸುಮಾರು ಇಪ್ಪತ್ತು ಜನ ಹೋದರು. ಸೋರುತ್ತಿದೆ ಎಂದು ಊರಿನವರು ಮೊದಲೇ ದೂರು ಕೊಟ್ಟಿದ್ದರು. ಒಡೆದ ಮೇಲೆ ಅಲ್ಲಿನ ಮಂತ್ರಿಯೊಬ್ಬರು ಏಡಿಗಳಿಂದ ಹೀಗಾಯಿತು ಎಂದರು. ದೇಶವೆಲ್ಲ ನಕ್ಕಿತು. ನಗುವುದು ಸರಿಯೇ, ಏಡಿಯ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಸುಲಭ. ಆದರೆ ಗದ್ದೆ ಮಾಡುವ ನಮಗೆ ಗೊತ್ತು, ಏಡಿ ಬಿಲ ಬದುವನ್ನು ಏನು ಮಾಡುತ್ತದೆ ಎಂದು. ಏರಿಯಲ್ಲಿ ಏಡಿ, ಹೆಗ್ಗಣ, ಗೆದ್ದಲು ಎಲ್ಲ ಇರುತ್ತವೆ. ಅವು ಇರುವುದು ತಪ್ಪಲ್ಲ, ನಾವು ನೋಡದೆ ಇರುವುದು ತಪ್ಪು.

ನೀರುಗಂಟಿ ದೊಡ್ಡಪ್ಪ ಮಳೆಗಾಲದಲ್ಲಿ ಏರಿಯ ಹಿಂಬದಿಯ ಬುಡದಲ್ಲಿ ಬರಿಗಾಲಲ್ಲೇ ನಡೆಯುತ್ತಿದ್ದರು. ಚಪ್ಪಲಿ ಕೈಯಲ್ಲಿ. ಯಾಕೆ ಎಂದು ಕೇಳಿದರೆ "ಏರಿನ ಕಾಲಲ್ಲಿ ನೋಡ್ಬೇಕು ಕಣಪ್ಪ, ಕಣ್ಣಿಗೆ ಕಾಣೋ ಹೊತ್ಗೆ ತಡ ಆಗಿರ್ತದೆ" ಎನ್ನುತ್ತಿದ್ದರು. ನಿನ್ನೆ ಒಣಗಿದ್ದ ಜಾಗ ಇವತ್ತು ತಣ್ಣಗೆ ಮೆತ್ತಗಿದ್ದರೆ ಅಲ್ಲೊಂದು ಗೂಟ ನೆಡುತ್ತಿದ್ದರು. ನಾಳೆ ಆ ಒದ್ದೆ ಗೂಟ ದಾಟಿದೆಯೇ ಎಂದು ನೋಡುತ್ತಿದ್ದರು. ಒಸರು ಎಲ್ಲಾ ಏರಿಯಲ್ಲೂ ಇರುತ್ತದೆ. ತಿಳಿಯಾಗಿ, ಒಂದೇ ಸಮ ಬರುತ್ತಿದ್ದರೆ ಹೆದರಿಕೆ ಇಲ್ಲ. ಹೆಚ್ಚಾಗುತ್ತಿದ್ದರೆ, ಬಣ್ಣ ತಿರುಗಿದರೆ, ಅದು ಏರಿಯ ಹೊಟ್ಟೆಯ ಮಣ್ಣನ್ನು ಹೊತ್ತು ತರುತ್ತಿದೆ ಎಂದೇ ಅರ್ಥ. ಅವರಿಗೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಎಂದು ಭತ್ತ ಅಳೆಯುತ್ತಿದ್ದೆವು. ಅವರು ತೀರಿಕೊಂಡ ಮೇಲೆ ಆ ಕೆಲಸ ಯಾರಿಗೂ ಇಲ್ಲ, ಆ ಭತ್ತವೂ ಯಾರಿಗೂ ಇಲ್ಲ.

ಏರಿಯ ಮೇಲಿನ ಜಾಲಿ ಗಿಡಗಳ ವಿಷಯ. ನೆರಳಿದೆ, ಸೌದೆಗೆ ಆಗುತ್ತದೆ ಎಂದು ಬಿಟ್ಟಿದ್ದೇವೆ. ಬೇರು ಏರಿಯೊಳಗೆ ಇಳಿಯುತ್ತದೆ, ಮರ ಸತ್ತರೆ ಬೇರು ಕೊಳೆತು ಕೊಳವೆಯಾಗುತ್ತದೆ. ಹಾಗೆಂದು ನಾಳೆಯೇ ದೊಡ್ಡ ಮರಗಳನ್ನು ಕಡಿದು ಬುಡ ಬಿಡುವುದೂ ಅಷ್ಟೇ ಕೆಟ್ಟದ್ದು. ಮೊಣಕೈ ದಪ್ಪದ ಒಳಗಿನ ಗಿಡಗಳನ್ನು ನಾವೇ ಬೇರುಸಹಿತ ಕೀಳಬಹುದು, ಗುಂಡಿಗೆ ಮಣ್ಣು ಹಾಕಿ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ದೊಡ್ಡವು ನಾಲ್ಕಿವೆ. ಅವನ್ನು ಪಂಚಾಯಿತಿಗೆ ಬರೆದು ಇಂಜಿನಿಯರರ ಎದುರಿಗೆ, ಕೆರೆ ತಗ್ಗಿದಾಗ ತೆಗೆಸಬೇಕು. ಗರಿಕೆ ಮಾತ್ರ ಬೇಕು, ಎಷ್ಟಿದ್ದರೂ ಬೇಕು. ಹಾಲು ಹಾಕುವವರು ಕೊಯ್ದುಕೊಳ್ಳಿ, ಬೇರು ಕೀಳಬೇಡಿ.

ಕೆರೆಯಲ್ಲಿ ಹೆಚ್ಚು ನೀರು ಬೇಕು ಎಂಬ ಆಸೆ ತಪ್ಪಲ್ಲ. ಅದಕ್ಕೆ ದಾರಿ ಮೇಲೆ ಇಲ್ಲ, ಕೆಳಗೆ ಇದೆ, ಹೂಳಿನಲ್ಲಿ. ಆ ಒಂದು ಅಡಿಯನ್ನು ಹೂಳು ತೆಗೆದು ಪಡೆಯಬೇಕಾದರೆ 26 ಲಕ್ಷ ಘನ ಅಡಿ ಮಣ್ಣು, ಟ್ರ್ಯಾಕ್ಟರಿಗೆ ನೂರು ಘನ ಅಡಿ ಹಿಡಿದರೆ 26 ಸಾವಿರ ಲೋಡು. ಇದು ಒಂದು ಬೇಸಿಗೆಯ ಕೆಲಸವಲ್ಲ, ಸುಳ್ಳು ಹೇಳುವುದಿಲ್ಲ. ವರ್ಷಕ್ಕೆ ಸಾವಿರ ಲೋಡು ನಮ್ಮ ಹೊಲಗಳಿಗೇ ಹೋದರೂ ಲಾಭ ಇದೆ. ಆದರೆ ಜೆಸಿಬಿಯವರು ದಾರಿ ಹತ್ತಿರ ಎಂದು ಏರಿಯ ಬುಡದಲ್ಲೇ ತೋಡುತ್ತಾರೆ. ಹೋದ ವರ್ಷ ಹಾಗೆ ತೋಡಿದ ಗುಂಡಿ ಇನ್ನೂ ಇದೆ. ಏರಿಯ ಕಾಲಿನ ಮಣ್ಣು ತೆಗೆದರೆ ಏರಿ ಕೂರುತ್ತದೆ. ಕೆರೆಯ ನಡುವಿನಿಂದ ತೆಗೆಯಲಿ, ಏರಿಯಿಂದ ಎಷ್ಟು ದೂರ ಬಿಡಬೇಕೆಂದು ಇಂಜಿನಿಯರರು ಕಲ್ಲು ನೆಟ್ಟು ತೋರಿಸಲಿ.

ಮೀನಿನ ಗುತ್ತಿಗೆದಾರರು ಮೀನು ಹೋಗುತ್ತದೆ ಎಂದು ಕೋಡಿಗೆ ಬಲೆ ಕಟ್ಟುತ್ತಾರೆ. ಬಲೆಗೆ ಕಸ ಕಟ್ಟಿದರೆ ಅದೂ ಮರಳಿನ ಚೀಲವೇ. ಮುಂದಿನ ಗುತ್ತಿಗೆಯಲ್ಲಿ ಈ ಷರತ್ತು ಬರೆಯಿರಿ ಎಂದು ಪಂಚಾಯಿತಿ ಸದಸ್ಯರನ್ನು ಕೇಳಿದ್ದೇವೆ, ಅವರು ಒಪ್ಪಿದ್ದಾರೆ.

ಕಪಿಲೆ 2018ರಲ್ಲಿ, 2019ರಲ್ಲಿ, 2024ರಲ್ಲಿ ತುಂಬಿ ಬಂದು ನಂಜನಗೂಡಿನ ಮಲ್ಲನಮೂಲೆಯ ಹತ್ತಿರ ಹೆದ್ದಾರಿಯ ಮೇಲೆ ನಿಂತದ್ದನ್ನು ಕಂಡಿದ್ದೇವೆ. ವಯನಾಡಿನಲ್ಲಿ ಮಳೆಯಾದರೆ ಕಬಿನಿಯಿಂದ ಎಷ್ಟು ಬಿಟ್ಟರು ಎಂದು ಟಿವಿಯಲ್ಲಿ ಹೇಳುತ್ತಾರೆ, ಡಂಗುರ ಹೊಡೆಯುತ್ತಾರೆ. ನಮ್ಮ ಕೆರೆಯ ಮಟ್ಟವನ್ನು ಯಾವ ಟಿವಿಯೂ ಹೇಳುವುದಿಲ್ಲ. ಹಾಗಾಗಿ ಕಾಂಕ್ರೀಟಿಗೆ ಎಂದು ಯೋಚಿಸಿದ ಹಣವನ್ನು ನಾವು ಹೀಗೆ ಕೇಳುತ್ತಿದ್ದೇವೆ. ಪಂಚಾಯಿತಿಯ ಅನುಮತಿ ಪಡೆದು ತೂಬಿನ ರಾಡು, ಗೇಟು ರಿಪೇರಿ. ತೂಬಿನ ಗೋಡೆಗೆ ಅಡಿ ಅಡಿಗೆ ಬಣ್ಣದ ಗುರುತು. ಸಂಘದ ಕಟ್ಟಡದ ಹಿಂದೆ ಎರಡು ಲೋಡು ದಪ್ಪ ಮರಳು, ಎರಡು ಬಗೆಯ ಜಲ್ಲಿ, ಇನ್ನೂರು ಖಾಲಿ ಚೀಲ. ಇವು ಯಾರ ಮನೆ ಕೆಲಸಕ್ಕೂ ಹೋಗಬಾರದು. ಮಿಕ್ಕದ್ದರಲ್ಲಿ ಜೂನಿನಿಂದ ಡಿಸೆಂಬರ್‌ವರೆಗೆ ಒಬ್ಬ ನೀರುಗಂಟಿಗೆ ಸಂಬಳ. ಅಚ್ಚುಕಟ್ಟಿನವರು ಎಕರೆಗೆ ಇಷ್ಟು ಎಂದು ಹಿಂದಿನಂತೆ ಭತ್ತ ಕೊಡುತ್ತೇವೆ. ದಿನಾ ಬೆಳಿಗ್ಗೆ ಆತ ಹಾಲು ಹಾಕುವ ಹೊತ್ತಿಗೆ ಬಂದು ನೀರಿನ ಮಟ್ಟ, ಒಸರಿನ ಬಣ್ಣ ಎರಡನ್ನೂ ಸಂಘದ ಕರಿಹಲಗೆಯಲ್ಲಿ ಫ್ಯಾಟಿನ ಪಕ್ಕದಲ್ಲಿ ಬರೆಯಲಿ. ಊರಿನ ಅರ್ಧ ಜನ ಆ ಹಲಗೆಯನ್ನು ದಿನಕ್ಕೆ ಎರಡು ಸಲ ನೋಡುತ್ತಾರೆ.

ಸಣ್ಣ ಜಾಲಿ ಕೀಳುವ ಕೆಲಸ ಬರುವ ಸೋಮವಾರ. ಸೋಮವಾರ ನಮ್ಮ ಕಡೆ ಆರು ಕಟ್ಟುವುದಿಲ್ಲವಾದ್ದರಿಂದ ಯಾರಿಗೂ ನೆಪ ಇಲ್ಲ. ಮನೆಗೊಬ್ಬರು ಬರಬೇಕು, ಗುದ್ದಲಿ, ಹಾರೆ, ಮಚ್ಚು ತರಬೇಕು. ಮಧ್ಯಾಹ್ನದ ಮುದ್ದೆ ಊಟ, ಮಜ್ಜಿಗೆ ಸಂಘದ್ದು ಎಂದು ಅಧ್ಯಕ್ಷರು ಈಗ ತಾನೆ ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಬೆಳಿಗ್ಗೆ ಹಾಲು ಹಾಕಿದ ಮೇಲೆ ಏಳೂವರೆಗೆ ತೂಬಿನ ಹತ್ತಿರ ಸೇರೋಣ.